ಖಾಲಿ ಕುರ್ಚಿಯ ಸ್ಪೇರು

ನಮ್ಮ ಪಕ್ಕದ ಮನೆಯಲ್ಲಿ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಗೆ ಓದುತ್ತಿದ್ದವರು ಇಬ್ಬರು. ಒಬ್ಬಳು ಆ ಮನೆಯ ಮಗಳು. ಇನ್ನೊಬ್ಬರು ಯಾರು ಎಂಬುದು ಪರೀಕ್ಷೆಯ ದಿನದವರೆಗೂ ಇತ್ಯರ್ಥವಾಗಲಿಲ್ಲ. ಗಂಡೋ ಹೆಣ್ಣೋ, ಇದ್ದವರೋ ಹೋದವರೋ ಎಂದು ಇಡೀ ಕಟ್ಟಡ ತಲೆ ಕೆಡಿಸಿಕೊಂಡಿತ್ತು. ನಾನು ವಿಮೆ ಕಚೇರಿಯ ಗುಮಾಸ್ತ. ಸತ್ತವರು ನಿಜವಾಗಿಯೂ ಸತ್ತಿದ್ದಾರೆಯೇ ಎಂದು ವಿಚಾರಿಸುವುದೇ ನನ್ನ ಹೊಟ್ಟೆಪಾಡು, ಆದ್ದರಿಂದ ಇಂಥ ವಿಷಯಗಳನ್ನು ಸುಲಭಕ್ಕೆ ನಂಬುವವನಲ್ಲ. ಆದರೂ ಆ ಮನೆಯ ಕುರ್ಚಿಯಲ್ಲಿ ಒಮ್ಮೆ ಕೂತು ಎದ್ದ ಮೇಲೆ, ನನ್ನ ಮನೆಯ ಕನ್ನಡಿಗೆ ಟವೆಲು ಹೊದಿಸಿ ಗಡ್ಡ ಹೆರೆದುಕೊಂಡದ್ದು ಸತ್ಯ. ಗಲ್ಲದ ಗಾಯಗಳು ಮಾಯಲು ಸಾಕಷ್ಟು ದಿನ ಹಿಡಿಯಿತು.

ಆ ಮನೆಯ ಯಜಮಾನರು ಬಸ್ ಡಿಪೋದಲ್ಲಿ ಡ್ಯೂಟಿ ಚಾರ್ಟು ಬರೆಯುವವರು. ಯಾವ ಡ್ರೈವರು ಯಾವ ಬಸ್ಸಿಗೆ, ಯಾವ ಕಂಡಕ್ಟರು ಯಾವ ಪಾಳಿಗೆ, ಯಾರಿಗೆ ಯಾವತ್ತು ರಜೆ, ಎಲ್ಲವನ್ನೂ ದೊಡ್ಡ ಹಾಳೆಯ ಮೇಲೆ ಚೌಕ ಹಾಕಿ ತುಂಬುವುದು ಅವರ ಕೆಲಸ. ಎಲ್ಲರೂ ಅವರನ್ನು ಚಾರ್ಟು ಸಾಹೇಬರು ಎಂದೇ ಕರೆಯುತ್ತಿದ್ದರು. ಅವರ ವೃತ್ತಿಧರ್ಮ ಬಹಳ ಸರಳವಾದದ್ದು. ಚಾರ್ಟಿನಲ್ಲಿ ಯಾವ ಚೌಕವೂ ಖಾಲಿ ಇರಕೂಡದು. ಯಾರಾದರೂ ಬಾರದಿದ್ದರೆ ಅವರ ಜಾಗಕ್ಕೆ ಕಳಿಸಲೆಂದೇ ಡಿಪೋದ ಬೆಂಚಿನ ಮೇಲೆ ಕೆಲವರು ಕಾದು ಕೂತಿರುತ್ತಾರೆ. ಅವರಿಗೆ ಸ್ಪೇರು ಎಂದು ಹೆಸರು. ನಿಯತ ಸಿಬ್ಬಂದಿ ಹಾಜರಿಗೆ ಟಿಕ್ ಹಾಕಿದರೆ ಸ್ಪೇರಾದವನು ಸೊನ್ನೆ ಸುತ್ತಬೇಕು. ಮತ್ತು ಯಾವ ಮನುಷ್ಯ ಎಲ್ಲಿದ್ದಾನೆ ಎಂಬುದನ್ನು ಚಾರ್ಟು ನೋಡಿ ತಿಳಿಯಬೇಕೇ ಹೊರತು ಕಣ್ಣಿಂದ ನೋಡಿ ಅಲ್ಲ. ಒಮ್ಮೆ ಒಬ್ಬ ಡ್ರೈವರು ಅವರ ಮೇಜಿನ ಮುಂದೆಯೇ ನಿಂತು, "ಸಾರ್, ನಾನು ಇಲ್ಲೇ ಇದೀನಿ" ಅಂದನಂತೆ. ಸಾಹೇಬರು ಚಾರ್ಟಿನ ಮೇಲೆ ಬೆರಳಿಟ್ಟು, "ಇಲ್ಲಪ್ಪ, ನೀನು ಈಗ ದಾರೀಲಿದೀಯ" ಎಂದು ಅವನಿಗೆ ಮನವರಿಕೆ ಮಾಡಿ ಕಳಿಸಿದರು. ಅವನು ಗೇಟಿನ ತನಕ ನಂಬಿಕೊಂಡೇ ಹೋಗಿದ್ದನೆಂದು ಹೇಳುತ್ತಾರೆ.

ಅವರಿಗೆ ಒಬ್ಬಳೇ ಮಗಳು. ಸೇತುವೆ ಕಟ್ಟಬೇಕೆಂಬ ಹುಚ್ಚು ಅವಳಿಗೆ ಚಿಕ್ಕಂದಿನಿಂದ ಇತ್ತು, ಯಾರೂ ಹಿಡಿಸಿದ್ದಲ್ಲ. ಬಸ್ಸು ಹೊಳೆ ದಾಟುವಾಗ ಬೇರೆ ಮಕ್ಕಳು ನೀರು ನೋಡಿದರೆ ಇವಳು ಕತ್ತು ಚಾಚಿ ಕೆಳಗಿನ ಕಂಬಗಳನ್ನು ನೋಡುತ್ತಿದ್ದಳು. ಬುದ್ಧಿಗೇನೂ ಕೊರತೆ ಇರಲಿಲ್ಲ. ಆದರೆ ಹೋದ ವರ್ಷ ಪರೀಕ್ಷೆಯ ಹಾಲಿನಲ್ಲಿ ಕೂತವಳಿಗೆ ಕೈ ನಡುಗಲು ಶುರುವಾಗಿ, ಬರುವ ಲೆಕ್ಕವೂ ಮರೆತು, ಅರ್ಧ ಉತ್ತರ ಖಾಲಿ ಬಿಟ್ಟು ಎದ್ದು ಬಂದಿದ್ದಳು. ಈ ಸಲದ್ದು ಕೊನೆಯ ಅವಕಾಶ, ಆಮೇಲೆ ನಿಯಮ ಅಡ್ಡ ಬರುತ್ತದೆ. ಈ ಸಲವೂ ಕೈ ನಡುಗಿದರೆ ಸೇತುವೆಯ ಕನಸು ಅಲ್ಲಿಗೆ ಮುಗಿಯಿತು. ಇದು ಮನೆಯವರಿಗೆಲ್ಲ ಗೊತ್ತಿತ್ತು, ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ.

ಸಾಹೇಬರ ಭಾವಮೈದ ಇದೇ ಪರೀಕ್ಷೆಗೆ ತರಬೇತಿ ಕೊಡುವ ಟ್ಯುಟೋರಿಯಲ್ ನಡೆಸುತ್ತಿದ್ದ. ಒಂದು ದಿನ ಬಂದು, "ಭಾವ, ನನ್ನ ಹತ್ರ ಕಳಿಸಿ. ನಮ್ಮಲ್ಲಿ ವಾರವಾರಕ್ಕೂ ಯೋಜನೆ ಹಾಕಿ ಓದಿಸ್ತೀವಿ" ಎಂದ. ವಾರದ ಯೋಜನೆ ಎಂಬ ಮಾತು ಸಾಹೇಬರ ಮರ್ಮಕ್ಕೆ ನಾಟಿತು.

"ಒಂದು ಹುಡುಗೀನ ಒಂದು ವಾರ ಓಡ್ಸೋಕೆ ನಿನ್ನ ಟ್ಯುಟೋರಿಯಲ್ ಬೇಕಾ?" ಎಂದರು. "ಇಡೀ ಡಿಪೋನೇ ಓಡಿಸ್ತೀನಯ್ಯಾ ನಾನು, ಕೂತ ಕಡೆಯಿಂದ."

ಹೀಗೆ ಆ ಚಾರ್ಟು ಹುಟ್ಟಿತು. ಹಾಲ್‌ನ ಒಂದು ಮೂಲೆಯಲ್ಲಿ ಓದುವ ಮೇಜು, ಅದರ ಮುಂದೆ ಗೋಡೆಗೆ ಒರಗಿದ ಹಳೆಯ ಗಾಜಿನ ಬೀರು, ಬೀರುವಿನ ಪಕ್ಕದಲ್ಲಿ ಗೋಡೆಯುದ್ದಕ್ಕೂ ಚಾರ್ಟು. ಭೌತಶಾಸ್ತ್ರಕ್ಕೆ ಲಾಂಗ್ ರೂಟ್ ಎಂದು ಹೆಸರಿಟ್ಟಿದ್ದರು. ರಸಾಯನಶಾಸ್ತ್ರ ಸಿಟಿ ಬಸ್ಸು, ಏಕೆಂದರೆ ಹೆಜ್ಜೆಗೊಂದು ಸ್ಟಾಪು. ಗಣಿತ ಘಾಟಿ ರಸ್ತೆ. ಭಾನುವಾರ ಎಣ್ಣೆ, ಗ್ರೀಸು, ಅಂದರೆ ಓದಿದ್ದರ ಪುನರಾವರ್ತನೆ. ಎಲ್ಲ ಮುಗಿದ ಮೇಲೂ ಮಧ್ಯಾಹ್ನ ಊಟವಾದ ನಂತರದ ಚೌಕಗಳಲ್ಲಿ ಮಗಳಿಗೆ ವಿಶ್ರಾಂತಿ ಎಂದು ಬರೆದಿದ್ದರಿಂದ, ಆ ಹೊತ್ತಿಗೆ ಕುರ್ಚಿ ಖಾಲಿ ಉಳಿಯುತ್ತಿತ್ತು. ಸಾಹೇಬರಿಗೆ ಅದನ್ನು ನೋಡಲಾಗಲಿಲ್ಲ. ಕೈ ತಾನಾಗಿಯೇ ಹೋಗಿ ಅಲ್ಲೆಲ್ಲ ಸ್ಪೇರು ಎಂದು ಬರೆದುಬಿಟ್ಟಿತು.

"ಅಪ್ಪ, ಇದು ಯಾರು?" ಎಂದು ಕೇಳಿದಳು ಮಗಳು.

"ನೀನಿಲ್ಲದಾಗ ಕೂರೋರು."

"ಯಾರು ಕೂರ್ತಾರೆ?"

"ಅದು ನಿನಗೆ ಬೇಡ. ಚೌಕ ತುಂಬಿತು, ಅಷ್ಟೇ."

ಮೊದಲ ವಾರ ಮುಗಿದಾಗ ಸಾಹೇಬರು ಹಾಜರಿ ನೋಡಲು ಕೂತರು. ಮಗಳ ಚೌಕಗಳಲ್ಲಿ ಟಿಕ್ ಇತ್ತು, ಆದರೆ ಆ ಹೊತ್ತಿನಲ್ಲಿ ಬಿಡಿಸಿದ ಲೆಕ್ಕಗಳಲ್ಲಿ ಹೊಡೆದು ಹಾಕಿದ್ದೇ ಹೆಚ್ಚು. ಸ್ಪೇರಿನ ಚೌಕಗಳಿಗೆ ಬಂದಾಗ ಅವರ ಪೆನ್ನು ನಿಂತಿತು. ಪ್ರತಿ ಚೌಕದಲ್ಲೂ ಒಂದೊಂದು ದುಂಡನೆಯ ಸೊನ್ನೆ ಇತ್ತು. ಮೇಜಿನ ಮೇಲೆ ಬೇರೆಯೇ ಹಾಳೆಗಳಲ್ಲಿ ಘಾಟಿ ರಸ್ತೆಯ ಕಷ್ಟದ ಲೆಕ್ಕಗಳು, ಒಂದೂ ಕಾಟು ಹೊಡೆಯದೆ, ಬಲಕ್ಕೆ ವಾಲಿದ ಅಕ್ಷರದಲ್ಲಿ ಬಿಡಿಸಿದ್ದವು. ಮಗಳ ಅಕ್ಷರ ನೆಟ್ಟಗೆ, ಹೆದರಿ ನಿಂತ ಹಾಗೆ ಇರುತ್ತಿತ್ತು.

ಹೆಂಡತಿಯನ್ನು ಕೇಳಿದರು. ಆಕೆ ಕ್ಲಿನಿಕ್ಕಿನಲ್ಲಿ ನರ್ಸು, ಹಗಲೆಲ್ಲ ಮನೆಯಲ್ಲಿರುತ್ತಿರಲಿಲ್ಲ. "ಆ ಹಾಳೇನ ನಾನು ಮುಟ್ಟಿಲ್ಲರೀ. ಸೂಜಿ ಚುಚ್ಚೋದು ಬಿಟ್ಟು ಸೊನ್ನೆ ಸುತ್ತೋ ಪುರುಸೊತ್ತು ನನಗೆಲ್ಲಿ" ಅಂದರು. ಮಗಳನ್ನು ಕೇಳಿದರು.

"ಆ ಹೊತ್ತಲ್ಲಿ ನಾನೆಲ್ಲಿರ್ತೀನಿ ಅಂತ ಚಾರ್ಟಲ್ಲೇ ಇದೆಯಲ್ಲಪ್ಪ" ಎಂದಳು ಅವಳು.

ಸಾಹೇಬರು ಚಾರ್ಟು ನೋಡಿದರು. ವಿಶ್ರಾಂತಿ ಎಂದಿತ್ತು, ಒಳಗಿನ ಕೋಣೆ. "ಹೌದು" ಎಂದರು. ಮಗಳು ಅಲ್ಲಿದ್ದ ಮೇಲೆ ಕುರ್ಚಿಯಲ್ಲಿ ಕೂತವರು ಬೇರೆ ಯಾರೋ ಎಂದಾಯಿತು.

ಮರುದಿನ ಡಿಪೋದಿಂದ ಬಂದವರೇ ನೇರವಾಗಿ ಹೋಗಿ ಓದುವ ಕುರ್ಚಿಯ ಮೇಲೆ ಅಂಗೈ ಇಟ್ಟರು. ಮನೆ ನಿಶ್ಶಬ್ದವಾಗಿತ್ತು. ಒಳಕೋಣೆಯ ಬಾಗಿಲು ಮುಚ್ಚಿತ್ತು. ಕುರ್ಚಿ ಬೆಚ್ಚಗಿತ್ತು. ಮೇಜಿನ ಮೇಲೆ ಪೆನ್ಸಿಲು ಇನ್ನೂ ಉರುಳುತ್ತಿತ್ತಂತೆ. ಅದು ಅಂಚಿಗೆ ಬಂದು ಕೆಳಗೆ ಬೀಳುವವರೆಗೂ ಸಾಹೇಬರು ನಿಂತಲ್ಲೇ ನಿಂತು ನೋಡಿದರು.

ಸಂಜೆಯ ಪಾಳಿ ಮಗಳದ್ದು. ಆ ಹೊತ್ತಿಗೆ ಸಾಹೇಬರು ಹಾಲ್‌ನ ಇನ್ನೊಂದು ತುದಿಯಲ್ಲಿ, ತಮ್ಮ ಬೆತ್ತದ ಕುರ್ಚಿಯಲ್ಲಿ ಕನ್ನಡಕ ಏರಿಸಿ, ದಿನಪತ್ರಿಕೆ ಹಿಡಿದು ಕೂರುತ್ತಿದ್ದರು. ಡಿಪೋದಲ್ಲಿ ಪಾಳಿ ನಡೆಯುವಾಗ ಮೇಲ್ವಿಚಾರಕರು ಎದ್ದು ಹೋಗುವ ಪದ್ಧತಿಯಿಲ್ಲ. ಅವತ್ತು ಮಗಳು ಪುಸ್ತಕದಿಂದ ತಲೆ ಎತ್ತಿ, ಮೆಲ್ಲಗೆ ಹೇಳಿದಳು.

"ನಾನು ಇಲ್ಲಿ ಕೂತ್ರೆ ಗಾಜಲ್ಲಿ ಯಾರೋ ನೋಡ್ತಿರ್ತಾರೆ."

ಸಾಹೇಬರು ಎದ್ದು ಬಂದು ಬಗ್ಗಿ ನೋಡಿದರು. ಗಾಜಿನ ಹಿಂದೆ ಹಳೆಯ ಪುಸ್ತಕಗಳಿದ್ದವು, ಬೇರೇನೂ ಇರಲಿಲ್ಲ. "ಏನೂ ಕಾಣ್ತಿಲ್ಲವಲ್ಲಮ್ಮ" ಎಂದರು.

"ನಿಮಗೆ ಕಾಣಲ್ಲ ಬಿಡಿ ಅದು" ಎಂದರು ಹೆಂಡತಿ ಅಡುಗೆಮನೆಯಿಂದ.

"ನಿನಗೆ ಕಾಣುತ್ತಾ?"

"ಮದುವೆ ಆದಾಗಿಂದ ಕಾಣ್ತಾ ಇದೆ."

ಸಾಹೇಬರು ಆ ರಾತ್ರಿ ಬೀರುವಿನ ಗಾಜಿಗೆ ಬೆನ್ನು ಹಾಕಿ ಉಂಡರು. ಇಷ್ಟು ವರ್ಷ ಸಂಸಾರ ಮಾಡಿದ ಮನೆಯಲ್ಲಿ ಇಂಥದ್ದೊಂದು ಇದೆ, ಹೆಂಡತಿ ಒಂದು ಮಾತೂ ಹೇಳದೆ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡಿದ್ದಾಳೆ. ಬೆಳಗಾಗುವುದನ್ನೇ ಕಾದು ನನ್ನ ಬಾಗಿಲು ತಟ್ಟಿದರು. ಅಷ್ಟರಲ್ಲಿ ಮೇಲಿನ ಮನೆಯ ನಿವೃತ್ತ ಹೆಡ್‌ಮಾಸ್ತರಿಗೂ ಸುದ್ದಿ ಮುಟ್ಟಿತ್ತು. ನಮ್ಮ ಕಟ್ಟಡದಲ್ಲಿ ನೀರು ಮೇಲಕ್ಕೆ ಏರುವುದು ಕಷ್ಟ, ಸುದ್ದಿಗೆ ಪಂಪು ಬೇಕಿಲ್ಲ.

ಸಂಜೆ ಆ ಕುರ್ಚಿಯಲ್ಲಿ ಕೂತು ನೋಡುವುದೆಂದು ನಿಶ್ಚಯವಾಯಿತು. ಮಗಳನ್ನು ಎಬ್ಬಿಸಿ ಹೆಡ್‌ಮಾಸ್ತರನ್ನು ಆ ಕುರ್ಚಿಯಲ್ಲಿ ಕೂರಿಸಿದೆವು. ಸಾಹೇಬರು, ಏನಾಗುತ್ತದೋ ಎಂಬ ಆತಂಕದಲ್ಲಿ, ಹಿಂದಿನ ಬೆತ್ತದ ಕುರ್ಚಿಯಲ್ಲಿ ಕೂತರು. ನಾನು ಬಾಗಿಲಲ್ಲಿ ನಿಂತೆ. ಹೆಡ್‌ಮಾಸ್ತರು ಒಂದು ಪುಸ್ತಕ ತೆರೆದು, ಗಂಟಲು ಸರಿಮಾಡಿಕೊಂಡು, ಒಂದು ಸಾಲು ಓದಿದರು. ತಲೆ ಎತ್ತಿದರು. ಆಮೇಲೆ ನಾವು ಕಂಡದ್ದು ಅವರ ಒಂದು ಚಪ್ಪಲಿಯನ್ನು ಮಾತ್ರ. ಇನ್ನೊಂದು ಚಪ್ಪಲಿಯ ಸದ್ದು ಮೆಟ್ಟಿಲ ಮೇಲೆ ಕೇಳುತ್ತಿತ್ತು.

"ವಿಮೆಯವರೇ, ಈಗ ನೀವು" ಎಂದರು ಸಾಹೇಬರು.

ನಾನು ಕೂತೆ. ಕೂತಕೂಡಲೇ ಹಿಂಗತ್ತಿನ ಮೇಲೆ ಏನೋ ಭಾರ ಬಿದ್ದಂತಾಯಿತು. ಪುಸ್ತಕದ ಅಕ್ಷರಗಳು ಕಾಣುತ್ತಿದ್ದವು, ಆದರೆ ಒಂದೂ ಒಳಗೆ ಇಳಿಯಲಿಲ್ಲ. ಮೆಲ್ಲಗೆ ಕಣ್ಣೆತ್ತಿದೆ. ಗಾಜಿನ ಕಪ್ಪಿನೊಳಗೆ, ಬಹಳ ಆಳದಲ್ಲಿ, ಒಂದು ತಲೆ ತೇಲುತ್ತಿತ್ತು. ಕತ್ತಿನ ಕೆಳಗೆ ಮೈ ಇರಲಿಲ್ಲ, ಬರೀ ಬಿಳುಪು. ಕಣ್ಣಿನ ಜಾಗದಲ್ಲಿ ದುಂಡಗಿನ ಹೊಳಪು. ಅದು ರೆಪ್ಪೆ ಮಿಟುಕಿಸದೆ ನನ್ನ ಕೈಯಲ್ಲಿದ್ದ ಪೆನ್ಸಿಲನ್ನೇ ನೋಡುತ್ತಿತ್ತು, ನಾನು ತಪ್ಪು ಮಾಡುವುದನ್ನೇ ಕಾಯುತ್ತಿರುವ ಹಾಗೆ. ಗಕ್ಕನೆ ಹಿಂತಿರುಗಿದೆ. ಹಿಂದೆ ಯಾವ ಮುಖವೂ ಇರಲಿಲ್ಲ. ಸಾಹೇಬರು ಪೂರ್ತಿ ದಿನಪತ್ರಿಕೆಯ ಹಿಂದೆ ಮುಳುಗಿದ್ದರು.

"ಕಾಣ್ತಾ?" ಎಂದು ಪತ್ರಿಕೆಯೊಳಗಿಂದಲೇ ಕೇಳಿದರು.

"ಕಾಣ್ತು" ಎಂದೆ. ಗೋಡೆಗೆ ಒರಗಿ ನಿಂತಿದ್ದ ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಯಾರಾದರೂ ಒಬ್ಬರಿಗಾದರೂ ಕಂಡಿತಲ್ಲ ಎಂಬಂಥ ಸಮಾಧಾನ ಅವಳ ಮುಖದಲ್ಲಿತ್ತು.

ಹೆಡ್‌ಮಾಸ್ತರು ಚೇತರಿಸಿಕೊಂಡ ಮೇಲೆ ಸಿದ್ಧಾಂತವೊಂದನ್ನು ಮಂಡಿಸಿದರು. "ನೋಡಿ, ಹುಡುಗಿ ಕೂತಾಗ ಅದು ಗಾಜಲ್ಲಿರುತ್ತೆ. ಹುಡುಗಿ ಎದ್ದಾಗ ಕುರ್ಚಿಗೆ ಬರುತ್ತೆ. ಎರಡೂ ಒಂದೇ."

ಸಾಹೇಬರಿಗೆ ಭಯದ ನಡುವೆಯೂ ಒಂದು ಬಗೆಯ ಗೌರವ ಮೂಡಿತು. "ಗಾಜು ಅಂದ್ರೆ ಅದಕ್ಕೆ ರೆಸ್ಟ್ ರೂಮು" ಎಂದರು. "ಎಷ್ಟು ಶಿಸ್ತು ನೋಡಿ. ಪಾಳಿ ಬದಲಾಗೋವಾಗ ಒಂದು ನಿಮಿಷ ಆಚೀಚೆ ಇಲ್ಲ."

ಹೆಡ್‌ಮಾಸ್ತರ ತಲೆಯಲ್ಲಿ ಬೇರೆಯೇ ಹುಳ ಹೊಕ್ಕಿತ್ತು. ಅವರು ಸೇವೆಯಲ್ಲಿದ್ದಾಗ ಫೇಲು ಮಾಡಿದ ಮಕ್ಕಳಿಗೆ ಲೆಕ್ಕವಿರಲಿಲ್ಲ. ಅವರಲ್ಲೇ ಯಾರೋ ತಿರುಗಿ ಬಂದು ಓದುತ್ತಿರಬೇಕೆಂದು ಅವರಿಗೆ ಖಾತ್ರಿಯಾಯಿತು. ಅಂದಿನಿಂದ ಮೆಟ್ಟಿಲ ದೀಪ ಆರಿಸುವುದನ್ನು ಬಿಟ್ಟರು. ಇಳಿಯುವಾಗ ನಮ್ಮ ಅಂತಸ್ತಿನಲ್ಲಿ ನಿಂತು, ಖಾಲಿ ಗೋಡೆಯ ಕಡೆಗೆ ತಿರುಗಿ, "ಐದು ಗ್ರೇಸ್ ಮಾರ್ಕು ಕೊಟ್ಟಿದೀನಪ್ಪ, ಪಾಸಾದೆ, ಹೋಗು" ಎಂದು ಗೊಣಗುವುದು ನನ್ನ ಕಿವಿಗೇ ಬೀಳುತ್ತಿತ್ತು.

ಸಾಹೇಬರ ಭಯ ದಿನ ಕಳೆದಂತೆ ಇನ್ನೊಂದು ಕಡೆಗೆ ಹೊರಳಿತು. ಡಿಪೋದ ನಿಯಮದಲ್ಲಿ ಡ್ಯೂಟಿ ಮಾಡಿದವರಿಗೇ ಹಾಜರಿ. ಸ್ಪೇರು ಬಸ್ಸು ಓಡಿಸಿದರೆ ಸಂಬಳ ಸ್ಪೇರಿಗೆ, ಮನೆಯಲ್ಲಿ ಕೂತ ನಿಯತ ಡ್ರೈವರಿಗಲ್ಲ. ಹಾಗಿರುವಾಗ ಕಷ್ಟದ ಲೆಕ್ಕಗಳನ್ನೆಲ್ಲ ಸ್ಪೇರು ಬಿಡಿಸುತ್ತಿದ್ದರೆ ವಿದ್ಯೆ ಯಾರ ತಲೆಗೆ ಹೋಗುತ್ತದೆ? ಪರೀಕ್ಷೆಯಲ್ಲಿ ರ‍್ಯಾಂಕು ಯಾರಿಗೆ ಬರುತ್ತದೆ? ಸಂಜೆ ಮಗಳು ಕೂತಾಗ ಅವಳ ಹೆಗಲು ಕಿವಿಯ ಹತ್ತಿರ ಏರಿರುತ್ತಿತ್ತು, ಪೆನ್ಸಿಲು ನಡುಗುತ್ತಿತ್ತು. ನನ್ನ ಮಗಳ ಪಾಲಿನ ಓದನ್ನೆಲ್ಲ ಅದು ಹೀರಿಕೊಳ್ಳುತ್ತಿದೆ ಎಂದು ಸಾಹೇಬರು ತೀರ್ಮಾನಿಸಿದರು. ಕೊನೆಗೆ ತಮಗೆ ಗೊತ್ತಿದ್ದ ಒಂದೇ ಅಸ್ತ್ರ ತೆಗೆದರು. ಸ್ಪೇರಿಗೆ ಮೆಮೊ ಕೊಟ್ಟರು.

"ತಾವು ನಿಯತ ಸಿಬ್ಬಂದಿಗಿಂತ ಹೆಚ್ಚು ಲೆಕ್ಕಗಳನ್ನು ಬಿಡಿಸುತ್ತಿರುವುದು ಗಮನಕ್ಕೆ ಬಂದಿರುತ್ತದೆ. ಇದರಿಂದ ಸದರಿ ಸಿಬ್ಬಂದಿಯ ಹಾಜರಿಗೆ ಧಕ್ಕೆಯಾಗುವ ಸಂಭವವಿರುವುದರಿಂದ, ತಮ್ಮ ಮೇಲೆ ಏಕೆ ಶಿಸ್ತುಕ್ರಮ ಜರುಗಿಸಬಾರದು ಎಂಬುದಕ್ಕೆ ಸಮಜಾಯಿಷಿ ನೀಡತಕ್ಕದ್ದು."

ಬೆಳಗ್ಗೆ ಇದನ್ನು ಕುರ್ಚಿಯ ಮೇಲೆ ಇಟ್ಟು, ಮೇಲೊಂದು ಪೇಪರ್‌ವೇಟು ಹೇರಿ ಡಿಪೋಗೆ ಹೋದರು. ಸಂಜೆ ಬಂದಾಗ ಅದೇ ಹಾಳೆಯ ಕೆಳಗೆ ಬಲಕ್ಕೆ ವಾಲಿದ ಅಕ್ಷರದಲ್ಲಿ ಉತ್ತರವಿತ್ತು.

"ಚೌಕ ಖಾಲಿ ಇರಕೂಡದೆಂಬುದು ತಮ್ಮದೇ ಆದೇಶ. ಗಾಡಿ ಓಡುತ್ತಿದೆ." ಕೆಳಗೆ ಸಹಿಯ ಜಾಗದಲ್ಲಿ ಒಂದು ಸೊನ್ನೆ.

ಸಾಹೇಬರು ಅದನ್ನು ಡಿಪೋ ಮ್ಯಾನೇಜರಿಗೆ ತೋರಿಸಿದರು. ಮ್ಯಾನೇಜರು ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿಕೊಂಡರು. "ಮೆಮೊಗೆ ಅದೇ ದಿನ ಉತ್ತರ ಕೊಡೋ ಸ್ಪೇರು ನನ್ನ ಸರ್ವೀಸಲ್ಲೇ ನೋಡಿಲ್ಲ" ಎಂದರು. "ಸತ್ತಿದ್ರೂ ಪರವಾಗಿಲ್ಲ, ಇಲ್ಲಿಗೆ ವರ್ಗ ಮಾಡಿಸ್ಕೊಳ್ಳಿ." ಭಾವಮೈದ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಆ ಗಾಜಿನ ಫೋಟೋ ಒಂದನ್ನು ತೆಗೆಸಿಕೊಟ್ಟರೆ ಟ್ಯುಟೋರಿಯಲ್ಲಿನ ಬೋರ್ಡಿನಲ್ಲಿ ಹಾಕಿ, ಕೆಳಗೆ 'ಜೀವ ಹೋದರೂ ಓದು ಬಿಡದವರು' ಎಂದು ಬರೆಸುತ್ತೇನೆ ಎಂದ. ಅವನ ಅಕ್ಕ ಮಾತ್ರ ಬೆಳಗ್ಗೆ ಕೆಲಸಕ್ಕೆ ಹೊರಡುವಾಗ ಫ್ಲಾಸ್ಕಿಗೆ ಒಂದು ಲೋಟ ಟೀ ಹೆಚ್ಚು ಹಾಕಿ, "ಸ್ಪೇರಿಗೆ" ಎಂದು ಹೇಳಿ ಮೇಜಿನ ಮೇಲಿಟ್ಟು ಹೋಗುತ್ತಿದ್ದರು. ಸಂಜೆ ಫ್ಲಾಸ್ಕು ಖಾಲಿ ಇರುತ್ತಿತ್ತು.

ಪರೀಕ್ಷೆ ಹತ್ತಿರ ಬಂತು. ಒಂದು ದಿನ ಸಾಹೇಬರು ಮಧ್ಯಾಹ್ನವೇ ಡಿಪೋ ಬಿಟ್ಟು ನನ್ನ ಕಚೇರಿಗೆ ಬಂದರು. ಸ್ಪೇರನ್ನು ಕಣ್ಣಾರೆ ನೋಡಿಬಿಡಬೇಕು, ಒಬ್ಬರಿಗೇ ಧೈರ್ಯವಿಲ್ಲ, ನೀವು ಬನ್ನಿ ಎಂದರು. ಮರಣ ಪ್ರಕರಣಗಳ ವಿಚಾರಣೆಗೆ ಹೋಗುತ್ತಿದ್ದೇನೆಂದು ಕಚೇರಿಯಲ್ಲಿ ಹೇಳಿ ನಾನು ಹೊರಟೆ. ಅದು ಪೂರ್ತಿ ಸುಳ್ಳೇನೂ ಆಗಿರಲಿಲ್ಲ.

ಕಟ್ಟಡವೆಲ್ಲ ಆ ಹೊತ್ತಿಗೆ ನಿದ್ದೆಯಲ್ಲಿತ್ತು. ಎಲ್ಲೋ ಒಂದು ನಲ್ಲಿ ತೊಟ್ಟಿಕ್ಕುತ್ತಿತ್ತು. ಚಪ್ಪಲಿ ಕೈಯಲ್ಲಿ ಹಿಡಿದು, ಕಾರಿಡಾರಿನ ಕಿಟಕಿಯ ಹತ್ತಿರ ಇಬ್ಬರೂ ಬಗ್ಗಿದೆವು. ಒಳಗಿನಿಂದ ಹಾಡು ಕೇಳಿತು. ಪದಗಳಿಲ್ಲದ, ಮೂಗಿನಲ್ಲೇ ಗುನುಗುವ ಹಾಡು. ಪರದೆಯ ಸಂದಿಯಿಂದ ನೋಡಿದೆವು. ಕುರ್ಚಿಯಲ್ಲಿ ಯಾರೋ ಕೂತಿದ್ದರು. ನಮ್ಮ ಕಡೆಗೆ ಬೆನ್ನು. ಬಿಚ್ಚಿದ ಕೂದಲು ಬೆನ್ನ ತುಂಬ ಇಳಿದಿತ್ತು. ಎರಡೂ ಕಾಲು ಕುರ್ಚಿಯ ಮೇಲೆ, ಮಂಡಿಯ ಮೇಲೆ ಹಾಳೆ. ಕೈ ಎಲ್ಲೂ ನಿಲ್ಲದೆ ಸರಸರ ಓಡುತ್ತಿತ್ತು. ಒಂದು ಲೆಕ್ಕ ಮುಗಿದಾಗ ಆ ತಲೆ ಹಿಂದಕ್ಕೆ ವಾಲಿ, ತನ್ನಷ್ಟಕ್ಕೆ ತಾನೇ ನಕ್ಕಿತು.

ಸಾಹೇಬರು ನನ್ನ ಮೊಣಕೈ ಹಿಡಿದರು. "ನೋಡಿದ್ರಾ? ಸ್ಪೇರು" ಎಂದು ಪಿಸುಗುಟ್ಟಿದರು.

"ಸಾಹೇಬ್ರೇ, ಅದು ನಿಮ್ಮ ಮಗಳಲ್ವಾ?" ಎಂದೆ.

"ಅವಳು ಈಗ ಒಳಗೆ ಮಲಗಿದಾಳೆ. ಚಾರ್ಟಲ್ಲಿದೆ."

"ಚಾರ್ಟು ಬಿಡಿ. ಕಣ್ಣಿಂದ ನೋಡಿ."

ಅವರು ನೋಡಿದರು. ಕಣ್ಣು ಕಿರಿದು ಮಾಡಿ, ಪ್ರಾಮಾಣಿಕವಾಗಿಯೇ ನೋಡಿದರು. ಆಮೇಲೆ ತಲೆ ಅಲ್ಲಾಡಿಸಿದರು. "ಅಲ್ಲ. ನನ್ನ ಮಗಳು ಹೀಗೆ ಕಾಲು ಮೇಲೆ ಹಾಕ್ಕೊಂಡು ಕೂರಲ್ಲ. ನನ್ನ ಮಗಳು ಹಾಡಲ್ಲ. ಅವಳಿಗೆ ಇಷ್ಟು ಬೇಗ ಲೆಕ್ಕ ಬರಲ್ಲ, ಲೆಕ್ಕ ಮಾಡ್ತಾ ನಗೋದಂತೂ ನಾನು ನೋಡೇ ಇಲ್ಲ."

ನಾನು ಮತ್ತೆ ನೋಡಿದೆ. ನಿಜ ಹೇಳಬೇಕೆಂದರೆ ಆ ಕ್ಷಣ ನನಗೂ ಅನುಮಾನ ಬಂತು. ಹೆಗಲು ಏರಿಸಿಕೊಂಡು, ನೆಲ ನೋಡುತ್ತ ಮೆಟ್ಟಿಲಿಳಿಯುವ ಹುಡುಗಿ ನನಗೆ ಗೊತ್ತಿದ್ದವಳು. ಈ ಬೆನ್ನು ಆ ಬೆನ್ನಾಗಿರಲಿಲ್ಲ. ನಡು ಮಧ್ಯಾಹ್ನದ ಬೆಳಕಿನಲ್ಲಿ, ಗುರುತಿರುವ ಮೈಯಲ್ಲಿ ಗುರುತಿಲ್ಲದ ಯಾರೋ ಕೂತಿದ್ದ ಹಾಗಿತ್ತು. "ಬನ್ನಿ ಹೋಗೋಣ, ಡ್ಯೂಟಿಯಲ್ಲಿರೋರನ್ನ ಮಾತಾಡಿಸಬಾರದು" ಎಂದು ಸಾಹೇಬರು ಎಳೆದಾಗ ನಾನೂ ಬಾಯಿ ಮುಚ್ಚಿಕೊಂಡು ಹಿಂಬಾಲಿಸಿದೆ.

ಮೊದಲ ಪತ್ರಿಕೆಯ ದಿನ ಸಾಹೇಬರು ರಜೆ ಹಾಕಿ, ಖಾಕಿ ಕೋಟಿಗೆ ಇಸ್ತ್ರಿ ಮಾಡಿ, ಟೋಪಿ ಕೊಡವಿ ಸಿದ್ಧರಾದರು. ಹೊರಡುವ ಹೊತ್ತಿಗೆ ಮಗಳು ಬಾಗಿಲಲ್ಲಿ ನಿಂತು, "ಅಮ್ಮ ಬರಲಿ ಸಾಕು. ನೀವು ಮನೇಲಿರಿ ಅಪ್ಪ" ಎಂದಳು.

"ಗೇಟಿನ ಹೊರಗೇ ನಿಂತಿರ್ತೀನಮ್ಮ. ಒಳಗಿರೋರಿಗೆ ನಾನು ಕಾಣಲ್ಲ."

"ಕಾಣ್ತೀರ" ಎಂದಳು ಮಗಳು. ಅಷ್ಟೇ ಹೇಳಿ ಮೆಟ್ಟಿಲಿಳಿದಳು. ಹೆಂಡತಿ ಒಂದು ಸಲ ತಿರುಗಿ ಇವರ ಮುಖ ನೋಡಿ ಹೊರಟರು.

ಮುಂದೆ ನಡೆದದ್ದನ್ನು ಸಾಹೇಬರು ನನಗೆ ಆಮೇಲೆ ತಲೆ ತಗ್ಗಿಸಿಕೊಂಡು ಹೇಳಿದರು. ಕೋಟು ಬಿಚ್ಚಿ ಬೆತ್ತದ ಕುರ್ಚಿಯ ಬೆನ್ನಿಗೆ ಹಾಕಿ, ಮೇಲೆ ಟೋಪಿ ಇಟ್ಟರು. ಮನೆ ಬಣಗುಟ್ಟುತ್ತಿತ್ತು. ಪರೀಕ್ಷೆ ಶುರುವಾಗುವ ಹೊತ್ತಾಯಿತು. ಚಾರ್ಟಿನಲ್ಲಿ ಮಗಳ ಚೌಕದಲ್ಲಿ ಪರೀಕ್ಷೆ ಎಂದೂ, ಅದರ ಕೆಳಗೆ ಸ್ಪೇರು ಎಂದೂ ಇತ್ತು. ಸಾಹೇಬರು ಕಾದರು. ಯಾರೂ ಬರಲಿಲ್ಲ. ಮೇಜಿನ ಮುಂದಿನ ಕುರ್ಚಿ ಖಾಲಿಯೇ ಉಳಿಯಿತು. ಮಗಳು ಅಲ್ಲಿ ಒಬ್ಬಳೇ ಪ್ರಶ್ನೆಪತ್ರಿಕೆಯ ಮುಂದೆ ಕೂತಿದ್ದಾಳೆ, ಇಲ್ಲಿ ಅವಳ ಕುರ್ಚಿಗೆ ಜನ ಇಲ್ಲ. ಇದನ್ನು ತಡೆಯಲಾರದೆ ಅವರೇ ಹೋಗಿ ಕೂತುಬಿಟ್ಟರು. ಇಷ್ಟು ತಿಂಗಳಲ್ಲಿ ಅವರು ಆ ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು.

ಪುಸ್ತಕ ತೆರೆದರು. ಮೊದಲ ಲೆಕ್ಕದಲ್ಲಿ ರೈಲೊಂದು ಸೇತುವೆ ದಾಟುತ್ತಿತ್ತು. ರೈಲಿನ ಉದ್ದ, ಸೇತುವೆಯ ಉದ್ದ, ವೇಗ. ಬಸ್ಸುಗಳ ಹೊತ್ತು ಲೆಕ್ಕ ಹಾಕಿಯೇ ಕೂದಲು ನರೆಸಿಕೊಂಡವರಿಗೆ ಇದೇನು ಮಹಾ ಎಂದು ಪೆನ್ಸಿಲು ಹಿಡಿದರು. ಹಿಂಗತ್ತಿನ ಮೇಲೆ ಭಾರ ಬಿತ್ತು. ತಲೆ ಎತ್ತಿದರು.

ಗಾಜಿನಲ್ಲಿ ಅದು ಕೂತಿತ್ತು. ಅಗಲವಾದ ಹೆಗಲು, ಹೆಗಲ ಮೇಲೆ ಟೋಪಿ, ನಡುವೆ ಮುಖದ ಜಾಗದಲ್ಲಿ ಏನೂ ಇಲ್ಲ. ಆ ಏನೂ ಇಲ್ಲದ್ದು ಅವರನ್ನೇ ನೋಡುತ್ತಿತ್ತು. ಹಿಂತಿರುಗಿ ನೋಡಿದರೆ ಕುರ್ಚಿ, ಕೋಟು. ಮುಂದೆ ತಿರುಗಿದರೆ ಅದು. ಮತ್ತೆ ಲೆಕ್ಕಕ್ಕೆ ಕೈ ಹಾಕಿದರು. ರೈಲಿನ ಉದ್ದ ಮರೆತುಹೋಗಿತ್ತು. ಕೂಡಬೇಕೋ ಕಳೆಯಬೇಕೋ ತಿಳಿಯಲಿಲ್ಲ. ಬರೆದದ್ದನ್ನು ಹೊಡೆದರು, ಮತ್ತೆ ಬರೆದರು, ಮತ್ತೆ ಹೊಡೆದರು. ಪೆನ್ಸಿಲು ನಡುಗುತ್ತಿತ್ತು. ತಮ್ಮ ಕೈಯನ್ನೇ ನೋಡಿದರು. ಆ ನಡುಕವನ್ನು ಅವರು ಎಷ್ಟೋ ಸಂಜೆ ಹಿಂದಿನಿಂದ ನೋಡಿದ್ದರು.

"ಬರೀ ಕೋಟು ಇದು. ಇದಕ್ಕೆ ಕಣ್ಣೂ ಇಲ್ಲ" ಎಂದು ಆ ಖಾಲಿ ಮನೆಯಲ್ಲಿ ಗಟ್ಟಿಯಾಗಿ ಹೇಳಿದರಂತೆ. ದಿನಪತ್ರಿಕೆಯ ಮೇಲಿಂದ ಇಣುಕುತ್ತಿದ್ದ ತಮ್ಮ ತಲೆ, ಕನ್ನಡಕದ ಹೊಳಪು, ಯಾರಾದರೂ ತಿರುಗಿದರೆ ಗಬಕ್ಕನೆ ಪತ್ರಿಕೆಯ ಹಿಂದೆ ಅವಿತುಕೊಳ್ಳುವ ತಮ್ಮ ಚಾಳಿ, ಎಲ್ಲ ಒಂದೊಂದಾಗಿ ಹೊಳೆಯಿತು. ಕಿಟಕಿಯಲ್ಲಿ ಕಂಡ ಬಿಚ್ಚುಗೂದಲ ಬೆನ್ನೂ ನೆನಪಾಯಿತು. ಯಾರೂ ಕಾಯದ ಹೊತ್ತಿನಲ್ಲಿ, ಬೇರೆ ಯಾರದೋ ಹೆಸರಿನ ಚೌಕದಲ್ಲಿ ಕೂತು, ಹಾಡುತ್ತ ಲೆಕ್ಕ ಮಾಡುತ್ತಿದ್ದವಳು. ಅವಳನ್ನು ಇವರು ಗುರುತು ಹಿಡಿಯಲಿಲ್ಲ. ಸಾಹೇಬರು ಮೇಜಿನ ಮೇಲೆ ತಲೆ ಇಟ್ಟು ಸ್ವಲ್ಪ ಹೊತ್ತು ಅತ್ತರು. ಇದನ್ನು ಅವರು ನನಗೆ ಹೇಳಲಿಲ್ಲ, ಗೋಡೆ ತೆಳ್ಳಗಿದೆ.

ತಾಯಿ ಮಗಳು ಬಂದಾಗ ಸಂಜೆಯಾಗಿತ್ತು. "ಮೊದ್ಲು ಕೈ ನಡುಗ್ತು. ಮೇಲ್ವಿಚಾರಕರು ಹಿಂದೇನೇ ನಿಂತಿದ್ರು. ಆಮೇಲೆ ಅವರು ಆ ಕಡೆ ಹೋದ್ರು, ಸ್ವಲ್ಪ ಬರೆದೆ. ಒಂದಷ್ಟು ಬಿಟ್ಟೋಯ್ತು" ಎಂದಳು ಮಗಳು. ಗಣಿತದ ಪತ್ರಿಕೆ ಮರುದಿನ ಇತ್ತು. ಎಲ್ಲ ನಿಂತಿದ್ದು ಇನ್ನು ಅದರ ಮೇಲೆ.

ಹೆಂಡತಿ ಹಾಲ್‌ನಲ್ಲಿ ಕಣ್ಣಾಡಿಸಿ, "ನಿಮ್ಮ ಬೆತ್ತದ ಕುರ್ಚಿ ಎಲ್ಲಿ?" ಎಂದು ಕೇಳಿದರು.

"ವಿಶ್ರಾಂತಿ" ಎಂದರು ಸಾಹೇಬರು.

ಕುರ್ಚಿ ಬಾಲ್ಕನಿಯಲ್ಲಿತ್ತು, ಮನೆಗೆ ಬೆನ್ನು ಮಾಡಿ. ಸ್ವಲ್ಪ ಹೊತ್ತಿಗೆ ಸಾಹೇಬರೂ ಬಂದು ಅದರಲ್ಲಿ ಕೂತರು. ನಾನು ಪಕ್ಕದ ಬಾಲ್ಕನಿಯಲ್ಲಿ ಬಟ್ಟೆ ತೆಗೆಯುತ್ತಿದ್ದೆ. ಅವರ ಕೈಯಲ್ಲಿ ಪತ್ರಿಕೆ ಇರಲಿಲ್ಲ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲೆ, ಕುರ್ಚಿಯ ತೋಳಿನ ಮೇಲೆ, ಮತ್ತೆ ತೊಡೆಯ ಮೇಲೆ ಇಡುತ್ತಿದ್ದರು. ರಸ್ತೆಯನ್ನು ದಿಟ್ಟಿಸುತ್ತಿದ್ದರು. ಒಳಗೆ ಕುರ್ಚಿ ಎಳೆದ ಸದ್ದಾಯಿತು, ಪುಸ್ತಕ ತೆರೆದ ಸದ್ದಾಯಿತು. ಆಮೇಲೆ ಬಹಳ ಹೊತ್ತು ಏನೂ ಕೇಳಲಿಲ್ಲ. ಬಳಿಕ, ಮೆಲ್ಲಗೆ, ಮೂಗಿನಲ್ಲಿ ಗುನುಗುವ ಆ ಹಾಡು ಶುರುವಾಯಿತು. ನನ್ನ ಕೈಯಲ್ಲಿದ್ದ ಅಂಗಿ ಅಲ್ಲೇ ನಿಂತಿತು. ಸಾಹೇಬರು ತಿರುಗಲಿಲ್ಲ. ತಿರುಗದೆ ಇರಲು ಅವರು ಪಡುತ್ತಿದ್ದ ಕಷ್ಟಕ್ಕೆ ಕತ್ತಿನ ನರ ಉಬ್ಬಿದ್ದು ನನಗೆ ಕಾಣುತ್ತಿತ್ತು.

"ಸಾಹೇಬ್ರೇ, ಒಳಗೆ ಯಾರು? ಸ್ಪೇರಾ?" ಎಂದು ಪಿಸುದನಿಯಲ್ಲಿ ಕೇಳಿದೆ.

"ಅಲ್ಲ. ನನ್ನ ಮಗಳು" ಎಂದರು ಅವರು, ರಸ್ತೆಯನ್ನೇ ನೋಡುತ್ತ.

ಮರುದಿನವೂ ಅವರು ಗೇಟಿಗೆ ಹೋಗಲಿಲ್ಲ. ಪರೀಕ್ಷೆ ನಡೆಯುವ ಹೊತ್ತಿನಲ್ಲಿ ನಾನು ಜೊತೆಗಿರಲೆಂದು ಅವರ ಮನೆಗೆ ಹೋದೆ. ಚಾರ್ಟಿನಲ್ಲಿ ಸ್ಪೇರು ಎಂಬ ಅಕ್ಷರಗಳನ್ನು ಅಳಿಸಿದ್ದರು. ಆ ಚೌಕ ಬೆಳ್ಳಗೆ ಬಾಯಿ ತೆರೆದುಕೊಂಡಿತ್ತು, ಕುರ್ಚಿ ಖಾಲಿ ಇತ್ತು. ಸಾಹೇಬರು ಆಗಾಗ ಎದ್ದು ಹೋಗಿ ಪೆನ್ನಿನ ಮುಚ್ಚಳ ತೆಗೆಯುವುದು, ಹಾಕುವುದು, ಬಂದು ಕೂರುವುದು. ಮೆಟ್ಟಿಲ ಮೇಲೆ ಹೆಡ್‌ಮಾಸ್ತರು ಯಾರಿಗೋ ಗ್ರೇಸ್ ಮಾರ್ಕು ಕೊಡುತ್ತಿದ್ದರು.

ಸಂಜೆ ಮಗಳು ಬಂದಳು. ಬಾಗಿಲಲ್ಲೇ ನಿಂತು, ಚಪ್ಪಲಿ ಬಿಡುವ ಮೊದಲೇ, "ಒಂದೂ ಖಾಲಿ ಬಿಟ್ಟಿಲ್ಲ ಅಪ್ಪ" ಎಂದಳು.

ಸಾಹೇಬರು ಅವಳ ಮುಖ ನೋಡಿದರು, ಆಮೇಲೆ ಚಾರ್ಟಿನ ಕಡೆ ಕೈ ತೋರಿಸಿದರು.

"ನಾನು ಒಂದು ಬಿಟ್ಟಿದೀನಮ್ಮ" ಎಂದರು.